ಮಣ್ಣನ್ನು ಅಳೆಯುತ್ತೇವೆ, ಮೈಬಲವನ್ನೇಕೆ ಅಳೆಯುವುದಿಲ್ಲ?



ತಪಸ್ಸುಕಾಲ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟ ಭಾಗದ ನಮಗೆ ಹಿಂಗಾರಿ ಜೋಳ ಕೀಳುವ ದಿನಗಳೂ ಬಂದವೆಂದೇ ಲೆಕ್ಕ. ಬೇರೆ ಸೀಮೆಗಳಲ್ಲಿ ಕುಡುಗೋಲಿನಿಂದ ಕೊಯ್ಯುತ್ತಾರೆ. ನಮ್ಮಲ್ಲಿ ದನಗಳ ಮೇವಿಗೆ ಕಣಿಕೆಯ ಒಂದು ಗೇಣೂ ಹಾಳಾಗಬಾರದೆಂದು ಮಾಲದಂಡಿಯನ್ನು ಬೇರುಸಹಿತ ಕೀಳುವುದು ಹಿರಿಯರಿಂದ ಬಂದ ರೂಢಿ. ಟೊಂಕ ಬಗ್ಗಿಸಿ, ಎರಡೂ ಕೈಗಳಿಂದ ದಂಟನ್ನು ಬಿಗಿಹಿಡಿದು, ಒಣಗಿ ಬಿರಿದ ಎರೆಮಣ್ಣಿನಿಂದ ಜಗ್ಗಬೇಕು. ಒಂದು ಸೂಡು ಕಟ್ಟುವಷ್ಟರಲ್ಲಿ ಎಷ್ಟು ಸಲ ಬಗ್ಗಿ ಎದ್ದೆವೆಂದು ಎಣಿಸಿದವರಾರು? ಎಂಟು ದಿನ ಕಳೆಯುವಷ್ಟರಲ್ಲಿ ಮನೆಮನೆಯಲ್ಲೂ ಒಂದೇ ಮಾತು: ಟೊಂಕ ಹಿಡಿದಿದೆ, ಕೈಯಲ್ಲಿ ಕಸುವಿಲ್ಲ, ನರ ಹಿಡಿದಿವೆ.

ನಮ್ಮ ಜನರಿಗೆ ಮೈಯೊಳಗಿನದೆಲ್ಲವೂ ‘ನರ’ವೇ. ಸ್ನಾಯು ಸೋತರೂ ನರ, ಕೀಲು ಸವೆದರೂ ನರ, ರಕ್ತನಾಳ ಉಬ್ಬಿದರೂ ನರ. ರೋಗಕ್ಕೆ ಒಂದೇ ಹೆಸರಿರುವುದರಿಂದ ಮದ್ದೂ ಒಂದೇ ಆಗಿದೆ. ಒಂದು ಸೂಜಿ, ಒಂದು ಸಲೈನ್ ಬಾಟಲಿ, ಅಂಗಡಿಯಿಂದ ತಂದ ನೋವಿನ ಗುಳಿಗೆಯ ಪಟ್ಟಿ. ಮರುದಿನ ಮತ್ತೆ ಹೊಲ. ಬಾಟಲಿಯ ಉಪ್ಪುನೀರಿನಿಂದ ಸ್ನಾಯುವಿಗೆ ಬಲ ಬರುವುದಿಲ್ಲವೆಂದು ವೈದ್ಯರು ಎಷ್ಟು ಹೇಳಿದರೂ ‘ಬಾಟಲಿ ಹಚ್ಚಿದರೆ ಹುಷಾರಾಗುತ್ತದೆ’ ಎಂಬ ನಂಬಿಕೆ ಕದಲಿಲ್ಲ.

ಹೊಲದ ವಿಷಯದಲ್ಲಿ ನಾವು ಹೀಗೆ ನಡೆದುಕೊಳ್ಳುವುದಿಲ್ಲ. 2015ರಲ್ಲಿ ಕೇಂದ್ರ ಸರಕಾರ ಮಣ್ಣಿನ ಆರೋಗ್ಯ ಚೀಟಿಯ ಯೋಜನೆ ತಂದಿತು. ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಎಂದು ಬರೆದುಕೊಡುತ್ತಾರೆ. ದಾಳಿಂಬೆಯ ತೋಟದವರು ಹನಿ ನೀರಾವರಿಯ ಜೊತೆ ಮಣ್ಣಿನ ತೇವ ಅಳೆಯುವ ಕೊಳವೆಗಳನ್ನೂ ಹೂಳುತ್ತಾರೆ. ನಮ್ಮ ಕೇಗಾಂವದಲ್ಲಿಯೇ 2005ರಿಂದ ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಗಿಡಕ್ಕೆ ನೀರು ಸಾಲದೋ, ಗೊಬ್ಬರ ಸಾಲದೋ, ಬೇರಿಗೆ ರೋಗವೋ ಎಂದು ವಿಂಗಡಿಸದೆ ಔಷಧ ಹೊಡೆಯುವವನನ್ನು ದಡ್ಡನೆನ್ನುತ್ತೇವೆ. ಅದೇ ಗಿಡದ ಬುಡದಲ್ಲಿ ದುಡಿಯುವ ಮನುಷ್ಯನ ತೋಳಿಗೆ, ಬೆನ್ನಿಗೆ, ತೊಡೆಗೆ ಮಾತ್ರ ಅಂದಾಜಿನ ಮದ್ದು ಸಾಕೆ? ಸ್ನಾಯುವಿನ ಬಲವನ್ನೂ ಅಳೆದು ನೋಡುವ ವ್ಯವಸ್ಥೆ ತಾಲೂಕಿನ ಮಟ್ಟಕ್ಕಾದರೂ ಬರಬೇಕೆಂಬುದು ನಮ್ಮ ಅಭಿಪ್ರಾಯ.

ಅಳೆಯುವುದು ಹೇಗೆ ಎಂದು ಕೇಳುವಿರಿ. ಬಾವಿಯ ಮೋಟಾರನ್ನು ನೆನಪಿಗೆ ತಂದುಕೊಳ್ಳಿ. ಗುಂಡಿ ಒತ್ತಿದರೂ ನೀರು ಬರಲಿಲ್ಲ. ಮೊದಲು ಏನು ಮಾಡುತ್ತೀರಿ? ಪೆಟ್ಟಿಗೆಯ ಮೇಲಿನ ಆಂಪಿಯರ್ ಮುಳ್ಳು ನೋಡುತ್ತೀರಿ. ಮುಳ್ಳು ಏಳದಿದ್ದರೆ ತಪ್ಪು ತಂತಿಯಲ್ಲಿ ಅಥವಾ ಸ್ಟಾರ್ಟರಿನಲ್ಲಿ. ಮುಳ್ಳು ಎದ್ದೂ ನೀರು ಬಾರದಿದ್ದರೆ ತಪ್ಪು ಪಂಪಿನಲ್ಲಿ ಅಥವಾ ಬಾವಿಯಲ್ಲಿ. ಆಗ ಬಾವಿಯೊಳಗೆ ಬೆಳಕು ಬಿಟ್ಟು ಇಣುಕುತ್ತೀರಿ. ಸ್ನಾಯುವಿಗೂ ಇಂಥವೇ ಮೂರು ಪರೀಕ್ಷೆಗಳಿವೆ. ಮಿದುಳಿನಿಂದ ನರದ ಮೂಲಕ ಬರುವ ಅಪ್ಪಣೆ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ತಾಗಿ ಹರಿಯುತ್ತದೆ. ಚರ್ಮದ ಮೇಲೆ ಬಿಲ್ಲೆ ಅಂಟಿಸಿ ಅದನ್ನು ಅಳೆಯುವುದು ಇ.ಎಂ.ಜಿ.; ಅದು ನಮ್ಮ ಆಂಪಿಯರ್ ಮುಳ್ಳು. ಮುಷ್ಟಿಯಿಂದ ಹಿಂಡಿದರೆ ಎಷ್ಟು ಕಿಲೋ ಬಲ ಎಂದು ತೋರಿಸುವ ಡೈನಮೋಮೀಟರ್ ಎಂಬ ಹಿಡಿಕೆಯಿದೆ. ಅದು ಕೊಳವೆಯಿಂದ ಬಿದ್ದ ನೀರಿನ ಅಳತೆ. ಒಳಗೆ ಸ್ನಾಯು ಎಷ್ಟು ದಪ್ಪವಿದೆ, ಬಿಗಿದಾಗ ಉಬ್ಬುತ್ತದೆಯೋ ಇಲ್ಲವೋ ಎಂದು ತೋರಿಸುವುದು ಅಲ್ಟ್ರಾಸೌಂಡ್. ನಮ್ಮ ಕಡೆ ಅದಕ್ಕೆ ಸೋನೋಗ್ರಫಿ ಎನ್ನುತ್ತಾರೆ. ಗಡಿ ದಾಟಿ ಕಲಬುರಗಿಗೋ ವಿಜಯಪುರಕ್ಕೋ ಹೋದರೆ ಸ್ಕ್ಯಾನಿಂಗ್. ನಡೆದಾಗ, ಎದ್ದಾಗ ಮೈ ಎಷ್ಟು ವೇಗದಲ್ಲಿ ಚಲಿಸಿತೆಂದು ತಿಳಿಸುವ ಪುಟ್ಟ ಚಲನಮಾಪಕವೂ ಉಂಟು. ಮಕ್ಕಳ ಕೈಯಲ್ಲಿರುವ ಮೊಬೈಲಿನೊಳಗೇ ಅದು ಕುಳಿತಿದೆ.

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ನೋವಿಗೆಂದು ಫಿಜಿಯೋಥೆರಪಿ ಮಾಡುವವರ ಬಳಿ ಹೋದಾಗ ಜೆಲ್ ಹಚ್ಚಿ ಆಡಿಸುವ ಯಂತ್ರಕ್ಕೂ ಅಲ್ಟ್ರಾಸೌಂಡ್ ಎಂದೇ ಹೆಸರು. ಅದು ಒಳಗೆ ಕಾವು ಕೊಡುವ ಯಂತ್ರ, ಚಿತ್ರ ತೋರಿಸುವುದಿಲ್ಲ. ನಾವು ಹೇಳುತ್ತಿರುವುದು ಚಿತ್ರ ತೋರಿಸುವ ಯಂತ್ರದ ವಿಷಯ. ಕಿವಿಗೆ ಕೇಳದಷ್ಟು ಏರಿದ ಸದ್ದನ್ನು ಮೈಯೊಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಅದು ಚಿತ್ರ ಬಿಡಿಸುತ್ತದೆ. ಆರೋಗ್ಯವಂತ ಸ್ನಾಯು ಕಪ್ಪಾಗಿ, ನಡುನಡುವೆ ಬಿಳಿ ಗೆರೆಗಳೊಡನೆ ಕಾಣುತ್ತದೆ. ಕೊಬ್ಬು, ನಾರು ತುಂಬಿ ಕೆಟ್ಟ ಸ್ನಾಯು ಬೆಳ್ಳಗೆ ಕಾಣುತ್ತದೆ. ಮಕ್ಕಳ ಸ್ನಾಯುಕ್ಷಯ ರೋಗವನ್ನು ಹೀಗೆ ಗುರುತಿಸಬಹುದೆಂದು 1980ರಲ್ಲಿ ಲಂಡನ್ನಿನ ಹೆಕ್‌ಮಟ್, ಡುಬೋವಿಟ್ಸ್ ಮತ್ತು ಅವರ ಸಂಗಡಿಗರು ತೋರಿಸಿದರು. ಸೂಜಿಯಿಲ್ಲ, ನೋವಿಲ್ಲ, ಎಕ್ಸ್‌ರೇಯಲ್ಲಿರುವಂಥ ಕಿರಣವೂ ಇಲ್ಲ.

ಸೋಜಿಗವೆಂದರೆ ಈ ವಿದ್ಯೆ ಮನುಷ್ಯರ ತೋಳಿಗಿಂತ ಮೊದಲು ದನದ ಕೊಟ್ಟಿಗೆಗೆ ಹೋಯಿತು. 1950ರ ದಶಕದಲ್ಲಿಯೇ ಅಮೆರಿಕದಲ್ಲಿ ದನ ಮತ್ತು ಹಂದಿಗಳ ಬೆನ್ನಿನ ಕೊಬ್ಬು, ಮಾಂಸದ ದಪ್ಪವನ್ನು ಇದರಿಂದ ಅಳೆಯತೊಡಗಿದ್ದರು. ಮನುಷ್ಯನ ಸರದಿ ಬಂದದ್ದು ಆಮೇಲೆ. 1968ರಲ್ಲಿ ಜಪಾನಿನ ಇಕಾಯಿ ಮತ್ತು ಫುಕುನಾಗ ಎಂಬ ವಿಜ್ಞಾನಿಗಳು 245 ಜನರ ತೋಳಿನ ಸ್ನಾಯುವಿನ ಅಡ್ಡಗಲವನ್ನು ಅಲ್ಟ್ರಾಸೌಂಡಿನಿಂದಲೂ, ಅದರ ಬಲವನ್ನು ಬಲಮಾಪಕದಿಂದಲೂ ಅಳೆದರು. ಒಂದು ಚದರ ಸೆಂಟಿಮೀಟರ್ ಸ್ನಾಯುವಿಗೆ ಸರಾಸರಿ 6.3 ಕಿಲೋ ಬಲ. ಗಂಡಸಿರಲಿ, ಹೆಂಗಸಿರಲಿ, ಆ ಲೆಕ್ಕ ಹೆಚ್ಚುಕಡಿಮೆ ಒಂದೇ ಆಗಿತ್ತು. ಗಂಡಸಿನ ತೋಳು ದಪ್ಪವಿದ್ದರೆ ಒಟ್ಟು ಬಲ ಹೆಚ್ಚು, ಅದು ನಿಜ. ಆದರೆ ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಹೆಂಗಸಿನ ಸ್ನಾಯು ಕಡಿಮೆ ದರ್ಜೆಯದಲ್ಲ. ಕಳೆ ತೆಗೆಯುವಲ್ಲಿ, ಜೋಳ ಕೀಳುವಲ್ಲಿ ಅದೇ ಸಾಲು ಹಿಡಿದು ಬರುವ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಕೊಡುವವರು ನಮ್ಮಲ್ಲಿಯೂ ಇದ್ದಾರೆ. ಅವರು ಈ ಅಳತೆಯನ್ನು ಒಮ್ಮೆ ಓದಲಿ.

ಈಗ ಟೊಂಕದ ಮಾತಿಗೆ ಬರೋಣ. ನಮ್ಮ ಓದುಗರಿಗೆ ಇದೇ ಹತ್ತಿರದ ವಿಷಯ. ಬೆನ್ನುಹುರಿಯ ಎಲುಬುಗಳಿಗೆ ಒತ್ತಿಕೊಂಡು, ಒಂದೊಂದು ಮಣಿಯನ್ನೂ ಅಲುಗದಂತೆ ಹಿಡಿಯುವ ‘ಮಲ್ಟಿಫಿಡಸ್’ ಎಂಬ ಆಳದ ಸ್ನಾಯು ಇದೆ. ಅದು ಒಳಗಿರುವುದರಿಂದ ಚರ್ಮದ ಮೇಲೆ ಅಂಟಿಸಿದ ಇ.ಎಂ.ಜಿ. ಬಿಲ್ಲೆಗೆ ಸರಿಯಾಗಿ ಸಿಗುವುದಿಲ್ಲ. ಮೇಲಿನ ಸ್ನಾಯುಗಳ ಸದ್ದೇ ಜೋರಾಗಿ ಕೇಳುತ್ತದೆ. ಅಲ್ಟ್ರಾಸೌಂಡಿಗೆ ಅದು ಕಾಣುತ್ತದೆ. ಆಸ್ಟ್ರೇಲಿಯದ ಜೂಲಿ ಹೈಡ್ಸ್ ಮತ್ತು ಅವರ ಸಂಗಡಿಗರು 1994ರಲ್ಲಿ ಒಂದು ಸಂಗತಿ ಪ್ರಕಟಿಸಿದರು: ಟೊಂಕ ಯಾವ ಬದಿಗೆ ನೋಯುತ್ತದೆಯೋ ಅದೇ ಬದಿಯ ಈ ಸ್ನಾಯು ಸಣ್ಣದಾಗಿರುತ್ತದೆ. 1996ರಲ್ಲಿ ಅವರು ಇನ್ನೂ ಮುಖ್ಯವಾದುದನ್ನು ಹೇಳಿದರು. ಮೊದಲ ಸಲ ಟೊಂಕ ಹಿಡಿದ 39 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ತಿಂಗಳಲ್ಲಿ ಎರಡೂ ಗುಂಪಿನಲ್ಲಿ ಬಹುತೇಕ ಎಲ್ಲರ ನೋವು ಹೋಯಿತು. ಆದರೆ ಆ ಸ್ನಾಯುವಿಗೆಂದೇ ಹೇಳಿಕೊಟ್ಟ ವ್ಯಾಯಾಮ ಮಾಡದವರಲ್ಲಿ ಹತ್ತು ವಾರ ಕಳೆದರೂ ಸ್ನಾಯು ಮೊದಲಿನ ಗಾತ್ರಕ್ಕೆ ಮರಳಲಿಲ್ಲ. ಒಂದು ವರ್ಷದಲ್ಲಿ ವ್ಯಾಯಾಮ ಮಾಡದವರ ಪೈಕಿ ನೂರಕ್ಕೆ 84 ಜನರಿಗೆ ಟೊಂಕ ಮತ್ತೆ ಹಿಡಿಯಿತು. ಮಾಡಿದವರಲ್ಲಿ ಅದು ನೂರಕ್ಕೆ 30.

ಚಿಕ್ಕ ಗುಂಪಿನ ಅಧ್ಯಯನ, ಅದೂ ಬೇರೆ ದೇಶದ್ದು, ಒಪ್ಪೋಣ. ಆದರೂ ನಮ್ಮ ಹೊಲಗಳಲ್ಲಿ ನಡೆಯುವುದನ್ನು ಇದು ಕಣ್ಣಿಗೆ ಕಟ್ಟಿದಂತೆ ವಿವರಿಸುತ್ತದೆ. ಗುಳಿಗೆಯಿಂದ ನೋವು ಅಡಗುತ್ತದೆ. ನೋವಿಲ್ಲವೆಂದು ಗಂಡಸು ಮತ್ತೆ ಚೀಲ ಹೊರುತ್ತಾನೆ, ಹೆಂಗಸು ಮತ್ತೆ ಸೂಡು ಹೊರುತ್ತಾಳೆ. ಒಳಗಿನ ಹಗ್ಗ ಇನ್ನೂ ಸಡಿಲವಾಗಿಯೇ ಇದೆ. ಮುಂದಿನ ಸುಗ್ಗಿಗೆ ಟೊಂಕ ಮತ್ತೆ ಹಿಡಿಯುತ್ತದೆ, ಮೂರನೆಯ ಸುಗ್ಗಿಗೆ ಆ ಮನುಷ್ಯ ಕೆಲಸವನ್ನೇ ಬಿಡುತ್ತಾನೆ. ‘ವಯಸ್ಸಾಯಿತು’ ಎನ್ನುತ್ತೇವೆ. ವಯಸ್ಸು ನಲವತ್ತೆರಡು!

ಇನ್ನೊಂದು ವಿಷಯದಲ್ಲಿ ಅಳತೆ ತಪ್ಪಿದರೆ ಹೋಗುವುದು ಪ್ರಾಣವೇ. ಅದು ಕೀಟನಾಶಕ. 2017ರಲ್ಲಿ ನಮ್ಮದೇ ರಾಜ್ಯದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ಜನ ಸತ್ತದ್ದು ನಿಮಗೆ ನೆನಪಿರಬಹುದು. ದ್ರಾಕ್ಷಿ, ದಾಳಿಂಬೆ ಬೆಳೆಯುವ ನಮ್ಮಲ್ಲಿ ಪಂಪು ಬೆನ್ನಿನಿಂದ ಇಳಿಯುವುದೇ ಅಪರೂಪ. ಕ್ಲೋರ್‌ಪೈರಿಫಾಸ್, ಡೈಮಿಥೊಯೇಟ್‌ನಂಥ ಆರ್ಗನೋಫಾಸ್ಫರಸ್ ಜಾತಿಯ ವಿಷ ಮೈ ಸೇರಿದರೆ ಬೆವರು, ಜೊಲ್ಲು, ವಾಂತಿ, ಉಸಿರಾಟದ ಕಷ್ಟ ಮೊದಲ ದಿನವೇ ಕಾಣುತ್ತವೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡುತ್ತಾರೆ, ರೋಗಿ ಕಣ್ಣು ಬಿಡುತ್ತಾನೆ, ಮಾತಾಡುತ್ತಾನೆ. ಮನೆಯವರು ‘ಗಂಡಾಂತರ ಕಳೆಯಿತು’ ಎಂದು ಬಿಡಿಸಿಕೊಂಡು ಹೋಗಲು ಅವಸರ ಮಾಡುತ್ತಾರೆ. ಆಸ್ಪತ್ರೆಯ ಖರ್ಚು, ಮನೆಯಲ್ಲಿ ಕಾಯುತ್ತಿರುವ ಎಮ್ಮೆ, ಎಲ್ಲವೂ ಅರ್ಥವಾಗುವಂಥದ್ದೇ. ಆದರೆ 1987ರಲ್ಲಿ ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲ್ಲಿಯೆದ್ದೆ ಅವರು ಬೇರೊಂದು ಅಪಾಯವನ್ನು ಗುರುತಿಸಿ ಹೆಸರಿಟ್ಟರು. ವಿಷ ಸೇರಿದ 24ರಿಂದ 96 ಗಂಟೆಗಳ ನಡುವೆ, ಅಂದರೆ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ, ಕೆಲವರ ಸ್ನಾಯುಗಳು ಇದ್ದಕ್ಕಿದ್ದಂತೆ ಸೋಲುತ್ತವೆ. ಕುತ್ತಿಗೆ, ಭುಜ, ತೊಡೆ, ಕೊನೆಗೆ ಉಸಿರೆಳೆಯುವ ಸ್ನಾಯು. ವಿಷ ಹೊಟ್ಟೆಗೆ ಹೋದವರಲ್ಲಿ ಇದು ಹೆಚ್ಚು. ಉಸಿರಾಟದ ಯಂತ್ರದ ಆಸರೆ ಸಮಯಕ್ಕೆ ಸಿಕ್ಕರೆ ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಸಿಗದಿದ್ದರೆ ಮನೆಯ ಹಾಸಿಗೆಯಲ್ಲಿಯೇ ಉಸಿರು ನಿಲ್ಲಬಹುದು.

ಇದರ ಮೊದಲ ಗುರುತು ಬಹಳ ಸರಳ. ಅಂಗಾತ ಮಲಗಿದ ರೋಗಿಗೆ ದಿಂಬಿನಿಂದ ತಲೆ ಎತ್ತಲು ಹೇಳಬೇಕು. ಎತ್ತಲಾಗದಿದ್ದರೆ, ನಿನ್ನೆ ಎತ್ತಿದವನು ಇಂದು ಸೋತರೆ, ತಕ್ಷಣ ವೈದ್ಯರನ್ನು ಕರೆಯಬೇಕು. ಇದಕ್ಕೆ ಯಾವ ಯಂತ್ರವೂ ಬೇಡ. ಮುಂದಿನ ಹೆಜ್ಜೆಗೆ ಯಂತ್ರ ಬೇಕು. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯುವೇ ಉಸಿರಿನ ಮುಖ್ಯ ಮೋಟಾರು. ಪಕ್ಕೆಲುಬಿನ ಬಳಿ ಅಲ್ಟ್ರಾಸೌಂಡ್ ಇಟ್ಟರೆ ಉಸಿರೆಳೆದಾಗ ಅದು ಎಷ್ಟು ದಪ್ಪವಾಗುತ್ತದೆಂದು ಕಾಣುತ್ತದೆ. ಪೂರ್ತಿ ಉಸಿರೆಳೆದರೂ ಶೇಕಡಾ 20ರಷ್ಟು ದಪ್ಪವಾಗದಿದ್ದರೆ ಅದು ಸೋತಿದೆಯೆಂಬ ಲೆಕ್ಕವನ್ನು 1997ರಲ್ಲಿಯೇ ಅಮೆರಿಕದ ವೈದ್ಯರು ಕೊಟ್ಟಿದ್ದಾರೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ್ದೇವೆ. ಆದರೆ ಅದರ ಅಂಕಿ ಇಳಿಯುವುದು ಸ್ನಾಯು ಸೋತು ಕೆಲಹೊತ್ತಾದ ಮೇಲೆ. ಕುತ್ತಿಗೆಯ ಪರೀಕ್ಷೆ, ವಪೆಯ ಚಿತ್ರ, ನರಕ್ಕೆ ಸಣ್ಣ ಮಿಂಚು ಕೊಟ್ಟು ನೋಡುವ ಇ.ಎಂ.ಜಿ., ಆಕ್ಸಿಮೀಟರ್ ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾರನ್ನು ಮನೆಗೆ ಕಳಿಸಬಹುದು, ಯಾರನ್ನು ಯಂತ್ರವಿರುವ ಆಸ್ಪತ್ರೆಗೆ ಸಾಗಿಸಬೇಕೆಂದು ಮೊದಲೇ ತಿಳಿಯುತ್ತದೆ. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್. ಗಡಿಯಂಚಿನ ಹಳ್ಳಿಗಳಿಂದ ಇನ್ನೂ ದೂರ. ಉಸಿರು ಕಟ್ಟತೊಡಗಿದ ಮೇಲೆ ಹೊರಟರೆ ಆ ದಾರಿ ಬಹಳ ಉದ್ದ. ವಿಷಬಾಧೆಯಾದವರನ್ನು ನಾಲ್ಕು ದಿನ ತುಂಬುವ ಮೊದಲು ವೈದ್ಯರ ಮಾತು ಮೀರಿ ಮನೆಗೆ ಕರೆತರಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ.

ಯಾವುದೇ ಒಂದು ಯಂತ್ರವನ್ನು ನಂಬಿ ಕೂರುವುದನ್ನು ನಾವು ಒಪ್ಪುವುದಿಲ್ಲ. ಅಲ್ಟ್ರಾಸೌಂಡಿನ ಹಿಡಿಕೆಯನ್ನು ಸ್ವಲ್ಪ ಒತ್ತಿದರೆ ಸ್ನಾಯು ತೆಳ್ಳಗೆ ಕಾಣುತ್ತದೆ, ಓರೆ ಹಿಡಿದರೆ ಚಿತ್ರವೇ ಬದಲಾಗುತ್ತದೆ. ಇ.ಎಂ.ಜಿ. ಬಿಲ್ಲೆ ನಮ್ಮ ಚೈತ್ರ ವೈಶಾಖದ ಬೆವರಿಗೆ ಕಳಚುತ್ತದೆ, ಕೊಬ್ಬು ಹೆಚ್ಚಿದ್ದಲ್ಲಿ ಸದ್ದು ಮಂಕಾಗುತ್ತದೆ. ಬಲಮಾಪಕವಂತೂ ರೋಗಿ ಮನಸ್ಸಿಟ್ಟು ಹಿಂಡಿದರೆ ಮಾತ್ರ ನಿಜ ಹೇಳುತ್ತದೆ. ನೋವಿಗೆ ಹೆದರಿ ಅರ್ಧ ಬಲ ಹಾಕಿದರೆ ಗೊತ್ತಾಗುವುದಿಲ್ಲ. ಲಕ್ವ ಹೊಡೆದವರಲ್ಲಿ ಸ್ನಾಯು ಇದ್ದರೂ ಅಪ್ಪಣೆ ಬಾರದು. ಮುಪ್ಪಿನವರಲ್ಲಿ ಅಪ್ಪಣೆ ಬಂದರೂ ಸ್ನಾಯುವೇ ಕರಗಿರುತ್ತದೆ. ಹೊರಗಿನಿಂದ ಇಬ್ಬರೂ ‘ಕಸುವಿಲ್ಲ’ ಎನ್ನುವವರೇ. ಚಿಕಿತ್ಸೆ ಬೇರೆ ಬೇರೆ. ದೂರದ ದೇಶಗಳಲ್ಲಿ ಈ ಜೋಡಣೆ ಬಹಳ ಮುಂದೆ ಹೋಗಿದೆ. 2006ರಲ್ಲಿ ಹಾಂಗ್‌ಕಾಂಗಿನಲ್ಲಿ ಮುಂಗೈ ಸ್ನಾಯುವಿನ ಅಲ್ಟ್ರಾಸೌಂಡ್ ಚಿತ್ರದಿಂದ ಕೃತಕ ಕೈ ಆಡಿಸಬಹುದೇ ಎಂದು ಪ್ರಯೋಗ ಮಾಡಿದರು. ಕಣಿಕೆ ಕತ್ತರಿಸುವ ಯಂತ್ರಕ್ಕೆ ಕೈ ಕಳೆದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. 2022ರಲ್ಲಿ ಅಮೆರಿಕದ ಎಂ.ಐ.ಟಿ.ಯವರು ಅಂಚೆಚೀಟಿಯಷ್ಟು ಸಣ್ಣ ಅಲ್ಟ್ರಾಸೌಂಡ್ ಬಿಲ್ಲೆಯನ್ನು ಮೈಗೆ ಅಂಟಿಸಿ 48 ಗಂಟೆ ಚಿತ್ರ ಪಡೆದರು.

ಆದರೆ ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಎಂದೊಡನೆ ಬೇರೊಂದು ಮಾತು ಏಳುತ್ತದೆ, ಏಳಲೇಬೇಕು. ‘ಇಲ್ಲಿ ಗರ್ಭಲಿಂಗ ಪರೀಕ್ಷೆ ಮಾಡುವುದಿಲ್ಲ’ ಎಂಬ ಫಲಕ ನೋಡದ ಸೊಲ್ಲಾಪುರದವರಿಲ್ಲ. ಈ ಯಂತ್ರವನ್ನು ಹೆಣ್ಣುಮಗುವನ್ನು ಹುಡುಕಿ ಕೊಲ್ಲಲು ಬಳಸಿದ ಪಾಪ ನಮ್ಮ ಸಮಾಜದ ಮೇಲಿದೆ. ದೇಶದಲ್ಲಿ ಮೊಟ್ಟಮೊದಲು 1988ರಲ್ಲಿ ಇದರ ವಿರುದ್ಧ ಕಾನೂನು ಮಾಡಿದ್ದು ಮಹಾರಾಷ್ಟ್ರ. ಕೇಂದ್ರದ ಕಾನೂನು 1994ರಲ್ಲಿ ಆಯಿತು, 1996ರ ಜನವರಿ 1ರಿಂದ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೂ ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 2001ರಲ್ಲಿ 913 ಇದ್ದ ಹೆಣ್ಣುಮಕ್ಕಳು 2011ರ ಜನಗಣತಿಯಲ್ಲಿ 894ಕ್ಕೆ ಇಳಿದರು. ಆದುದರಿಂದ ಯಂತ್ರ ನೋಂದಣಿಯಾಗಬೇಕು, ನೋಂದಾಯಿಸಿದ ಜಾಗದಲ್ಲಿಯೇ ಇರಬೇಕು, ಅರ್ಹ ವೈದ್ಯರೇ ಬಳಸಬೇಕು ಎಂಬ ಕಟ್ಟಳೆ ಇದೆ. ಫಿಜಿಯೋಥೆರಪಿ ಮಾಡುವವರು ತಮ್ಮ ಕೊಠಡಿಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಚೀಲದಲ್ಲಿ ಹಾಕಿಕೊಂಡು ಹಳ್ಳಿಯ ಶಿಬಿರಕ್ಕೆ ಒಯ್ಯುವಂತಿಲ್ಲ.

ಸ್ನಾಯು ನೋಡುವ ಹಿಡಿಕೆಯಿಂದ ಆಳದ ಗರ್ಭ ಕಾಣುವುದಿಲ್ಲ, ಅದಕ್ಕೆ ವಿನಾಯಿತಿ ಕೊಡಿ ಎಂದು ಕೆಲವರು ವಾದಿಸುತ್ತಾರೆ. ನಾವು ಇದನ್ನು ಒಪ್ಪಲಾರೆವು. ಅದೇ ಯಂತ್ರಕ್ಕೆ ಇನ್ನೊಂದು ಹಿಡಿಕೆ ಸಿಕ್ಕಿಸಲು ಎಷ್ಟು ಹೊತ್ತು ಬೇಕು? ಟೊಂಕದ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ಹೆಣ್ಣುಮಗುವಿನ ಕೊಲೆಗಾರ ಒಳನುಗ್ಗುವುದಾದರೆ ನಮಗೆ ಆ ಬಾಗಿಲು ಬೇಡ.

ಬಾಗಿಲು ಒಡೆಯದೆಯೂ ದಾರಿಯಿದೆ. ಸೊಲ್ಲಾಪುರದಲ್ಲಿ 1963ರಿಂದ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಇನ್ನೊಂದು ವೈದ್ಯಕೀಯ ಕಾಲೇಜು ಇದೆ. ಇಂಥ ಕಡೆ ನೋಂದಾಯಿತ ಯಂತ್ರವೂ, ಅದನ್ನು ಬಳಸುವ ವೈದ್ಯರೂ ಇರುತ್ತಾರೆ. ವಾರಕ್ಕೆ ಒಂದು ದಿನ ಸ್ನಾಯು ಪರೀಕ್ಷೆಗೆಂದು ಮೀಸಲಿಡಲಿ. ಚಿತ್ರ ತೆಗೆಯುವ ವೈದ್ಯರ ಪಕ್ಕದಲ್ಲಿ ಇ.ಎಂ.ಜಿ., ಬಲಮಾಪಕ ಹಿಡಿದು ಫಿಜಿಯೋಥೆರಪಿಯವರು ಕೂರಲಿ. ರೋಗಿಗೆ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಒಂದು ಚೀಟಿ ಬರೆದುಕೊಡಲಿ. ತಾಲೂಕಿನ ಸರಕಾರಿ ಆಸ್ಪತ್ರೆಗೆ ಯಂತ್ರ ಕೊಡುವುದಾದರೆ ನೋಂದಣಿ ಮಾಡಿಯೇ ಕೊಡಲಿ. ಉಳಿದ ಅಳತೆಗಳಿಗೆ ಯಾವ ಕಾನೂನೂ ಅಡ್ಡಿಯಿಲ್ಲ. ಮುಷ್ಟಿಯ ಬಲಮಾಪಕವನ್ನು ಪ್ರತಿ ಉಪಕೇಂದ್ರದಲ್ಲಿಯೂ ಇಡಬಹುದು. ಬಲ್ಲ ಸಿಸ್ಟರ್ ಒಬ್ಬರಿದ್ದರೆ ಧರ್ಮಕೇಂದ್ರದ ಆರೋಗ್ಯ ಶಿಬಿರದಲ್ಲಿಯೂ ಇಡಬಹುದು. ಏಷ್ಯಾದ ತಜ್ಞರು 2019ರಲ್ಲಿ ಹೇಳಿದ ಲೆಕ್ಕದಂತೆ ವಯಸ್ಸಾದ ಗಂಡಸಿನ ಹಿಡಿತ 28 ಕಿಲೋಗಿಂತ, ಹೆಂಗಸಿನದು 18 ಕಿಲೋಗಿಂತ ಕಡಿಮೆಯಿದ್ದರೆ ಸ್ನಾಯು ಕರಗುತ್ತಿದೆಯೇ ಎಂದು ಮುಂದೆ ಪರೀಕ್ಷಿಸಬೇಕು.

ಅಲ್ಲಿಯವರೆಗೆ ಅರವತ್ತು ದಾಟಿದವರ ಮನೆಯಲ್ಲಿ ಇಷ್ಟು ಮಾಡಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಯಾವುದನ್ನೂ ಹಿಡಿಯದೆ, ಐದು ಸಲ ಪೂರ್ತಿ ಎದ್ದು ಕೂರಲು ಹೇಳಿ. ತಲೆಸುತ್ತು ಬರುವವರಾದರೆ, ಮೊಣಕಾಲು ಬಹಳ ನೋಯುವವರಾದರೆ ಮಾಡಿಸಬೇಡಿ. ಉಳಿದವರ ಪಕ್ಕದಲ್ಲಿಯೂ ಒಬ್ಬರು ನಿಂತಿರಿ. ಮೊಬೈಲಿನ ಗಡಿಯಾರದಲ್ಲಿ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ತೊಡೆಯ ಬಲ ಕುಂದಿದೆಯೆಂದು ಆ ತಜ್ಞರ ಎಣಿಕೆ. ತಾರೀಖಿನೊಡನೆ ಒಂದು ವಹಿಯಲ್ಲಿ ಬರೆದಿಡಿ. ಜೋಳ ಕೀಳುವ ಮೊದಲು ಒಮ್ಮೆ, ರಾಶಿ ಮುಗಿದ ಮೇಲೆ ಒಮ್ಮೆ ಮಾಡಿಸಿ. ಎರಡು ಅಂಕಿಗಳ ನಡುವೆ ಹೆಚ್ಚು ವ್ಯತ್ಯಾಸ ಕಂಡರೆ ಆ ವಹಿಯನ್ನು ಸೊಲ್ಲಾಪುರಕ್ಕೆ ಒಯ್ದು ವೈದ್ಯರ ಮೇಜಿನ ಮೇಲೆ ಇಡಿ, ಬಾಟಲಿ ಹಚ್ಚಿರೆಂದು ಮಾತ್ರ ಕೇಳಬೇಡಿ.